‘ಪಿಕಪ್ ಇಲ್ಲ’ ಎಂದು ಬಂದ ಕಾರು

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ನನಗಿಂತ ಮೊದಲು ಮಾತಾಡಿದವರಲ್ಲಿ ಒಬ್ಬರು ಡಾಕ್ಟರು, ಒಬ್ಬರು ತಹಶೀಲ್ದಾರರು, ಒಬ್ಬರು ಕಾಲೇಜಿನಲ್ಲಿ ಪಾಠ ಹೇಳುವವರು. ನಾನು ಮೆಕ್ಯಾನಿಕ್. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಎರಡು ಸಲ ಕುಳಿತು, ಐಟಿಐನಲ್ಲಿ ಡೀಸೆಲ್ ಮೆಕ್ಯಾನಿಕ್ ಕಲಿತು, ಇಪ್ಪತ್ತೈದು ವರ್ಷದಿಂದ ಹಾಸನದಲ್ಲಿ ಗ್ಯಾರೇಜು ಇಟ್ಟುಕೊಂಡಿದ್ದೇನೆ. ಸಮಿತಿಯವರು ಫೋನ್ ಮಾಡಿದಾಗ “ನನಗೆ ಭಾಷಣ ಬರಲ್ಲ ಸಾರ್” ಅಂದೆ. “ಭಾಷಣ ಬೇಡ ಕಣಯ್ಯ, ನಿನಗೆ ಗೊತ್ತಿರೋ ಕೆಲಸದ ಬಗ್ಗೆ ನಾಲ್ಕು ಮಾತಾಡು” ಅಂದರು. ಆದ್ದರಿಂದ ಡೀಸೆಲ್ ಕಾರು ಎಳೆಯದಿದ್ದರೆ ಅದರ ದೋಷ ಎಲ್ಲಿದೆ ಎಂದು ಹುಡುಕುವುದು ಹೇಗೆ ಎಂಬುದನ್ನೇ ಹೇಳುತ್ತೇನೆ. ನಮ್ಮ ಕಡೆ ಇದಕ್ಕೆ ‘ಪಿಕಪ್ ಇಲ್ಲ’ ಎನ್ನುತ್ತೇವೆ. ಶಿರಾಡಿ ಘಾಟಿ ಹತ್ತಿ ಇಳಿಯುವ ನಮ್ಮ ಜನಕ್ಕೆ ಈ ಮಾತು ಚೆನ್ನಾಗಿ ಗೊತ್ತು. ಇದರ ಜೊತೆಗೆ ನನ್ನದೊಂದು ತಪ್ಪನ್ನೂ ಈ ಶಾಲೆಯಲ್ಲಿ ಒಪ್ಪಿಕೊಳ್ಳಬೇಕಾಗಿದೆ. ಅದು ಇಲ್ಲಿ ಕಲಿತ ಪಾಠವನ್ನು ಮರೆತದ್ದರಿಂದ ಆದ ತಪ್ಪು.

ಆ ಪಾಠ ಯಾವುದೆಂದು ಮೊದಲು ಹೇಳಿಬಿಡುತ್ತೇನೆ. ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ನಮ್ಮ ವಿಜ್ಞಾನದ ಮೇಷ್ಟ್ರು ವಿದ್ಯುತ್ ಮಂಡಲ ತೋರಿಸಲು ಒಂದು ಹಲಗೆ ಮಾಡಿದ್ದರು. ಎರಡು ಸೆಲ್ಲು, ಒಂದು ಸ್ವಿಚ್ಚು, ಒಂದು ಟಾರ್ಚಿನ ಬಲ್ಬು. ನನ್ನನ್ನು ಕರೆದು ಸ್ವಿಚ್ ಹಾಕಿಸಿದರು. ಬಲ್ಬು ಹತ್ತಲಿಲ್ಲ. “ಬಲ್ಬು ಹೋಗಿದೆ ಸಾರ್, ಬೇರೆ ಕೊಡಿ” ಅಂದೆ. ಶಾಲೆಯಲ್ಲಿ ಇದ್ದದ್ದೇ ಎರಡು ಬಲ್ಬು. ಮೇಷ್ಟ್ರು ನನ್ನ ಮುಖ ನೋಡಿ, “ಹೋಗಿದೆ ಅಂತ ಬಲ್ಬು ನಿನ್ನ ಹತ್ತಿರ ಹೇಳಿತೇನೋ?” ಎಂದು ಕೇಳಿದರು. ತರಗತಿಯೆಲ್ಲ ನಕ್ಕಿತು. ಅವರು ಅದೇ ಬಲ್ಬನ್ನು ಬಿಚ್ಚಿ ನೇರವಾಗಿ ಸೆಲ್ಲಿಗೆ ಮುಟ್ಟಿಸಿದರು. ಹತ್ತಿತು. ತುಕ್ಕು ಹಿಡಿದ ಒಂದು ತಗಡಿನ ಪಟ್ಟಿಯಲ್ಲಿ ದೋಷವಿತ್ತು. ಉಪ್ಪುಕಾಗದದಿಂದ ಉಜ್ಜಿಸಿದರು, ಮುಗಿಯಿತು. “ಕೊನೆಗೆ ಕಾಣೋದು ಬಲ್ಬು. ಅದಕ್ಕೇ ಎಲ್ಲರೂ ಮೊದಲು ಅದನ್ನೇ ಬೈಯೋದು” ಅಂದರು.

ಈಗ ಕಾರಿಗೆ ಬರೋಣ. ಡೀಸೆಲ್ ಇಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಪಿಸ್ಟನ್ ಗಾಳಿಯನ್ನು ಬಲವಾಗಿ ಒತ್ತಿದಾಗ ಅದು ಕಾಯುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುತ್ತದಲ್ಲ, ಹಾಗೆ. ಆ ಬಿಸಿ ಗಾಳಿಗೆ ಡೀಸೆಲ್ ಸಿಂಪಡಿಸಿದರೆ ತಾನಾಗಿ ಉರಿಯುತ್ತದೆ. ಹೆಚ್ಚು ಶಕ್ತಿ ಬೇಕೆಂದರೆ ಹೆಚ್ಚು ಡೀಸೆಲ್ ಉರಿಯಬೇಕು, ಅದು ಉರಿಯಲು ಹೆಚ್ಚು ಗಾಳಿ ಬೇಕು. ನಮ್ಮಜ್ಜಿ ಹಸಿ ಸೌದೆ ಉರಿಸಲು ಊದುಗೊಳವೆಯಲ್ಲಿ ಊದುತ್ತಿದ್ದಳು. ಟರ್ಬೊ ಎಂದರೆ ಇಂಜಿನ್ನಿನ ಊದುಗೊಳವೆ. ಇಂಜಿನ್ನಿನಿಂದ ಹೊರಬರುವ ಸುಟ್ಟ ಹೊಗೆ ಒಂದು ಸಣ್ಣ ಚಕ್ರವನ್ನು ತಿರುಗಿಸುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಎಳೆದು ಇಂಜಿನ್ನಿಗೆ ತುಂಬುತ್ತದೆ. ವ್ಯರ್ಥವಾಗಿ ಹೋಗುವ ಹೊಗೆಯಿಂದಲೇ ಕೆಲಸ ತೆಗೆಯುವ ಈ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಇಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಪೇಟೆಂಟ್ ಪಡೆದರು. ಮೊದಲು ಹಡಗು, ರೈಲು, ಲಾರಿಗಳಿಗೆ ಬಂತು. ಡೀಸೆಲ್ ಕಾರಿಗೆ ಬಂದದ್ದು 1978ರಲ್ಲಿ, ಮರ್ಸಿಡಿಸ್ ಬೆಂಜ್ 300 ಎಸ್‌ಡಿ ಮೂಲಕ. ನಮ್ಮ ಅಂಗೈಯಲ್ಲಿ ಹಿಡಿಸುವ ಆ ಚಕ್ರ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ.

ಟರ್ಬೊದಿಂದ ಹೊರಟ ಗಾಳಿ ನೇರವಾಗಿ ಇಂಜಿನ್ನಿಗೆ ಹೋಗುವುದಿಲ್ಲ. ಒತ್ತಿದ ಗಾಳಿ ಬಿಸಿಯಾಗಿರುತ್ತದೆ, ಅದನ್ನು ತಣ್ಣಗೆ ಮಾಡಲು ಇಂಟರ್‌ಕೂಲರ್ ಎಂಬ ಜಾಲರಿ ಇದೆ. ಟರ್ಬೊದಿಂದ ಇಂಟರ್‌ಕೂಲರಿಗೆ ಒಂದು ರಬ್ಬರ್ ಹೋಸು, ಅಲ್ಲಿಂದ ಇಂಜಿನ್ನಿಗೆ ಇನ್ನೊಂದು. ಈ ಎರಡನೆಯ ಹೋಸಿನಲ್ಲೇ ನನ್ನ ಕತೆ ಇರುವುದು.

ಹನ್ನೆರಡು ವರ್ಷದ ಹಿಂದಿನ ಮಾತು. ಇದೇ ಊರಿನವನು, ನನಗಿಂತ ಚಿಕ್ಕವನು, ಈ ಶಾಲೆಯಲ್ಲೇ ಓದಿದವನು. ಸಾಲ ಮಾಡಿ ಒಂದು ಡೀಸೆಲ್ ಕಾರು ತಗೊಂಡು ಬಾಡಿಗೆಗೆ ಓಡಿಸುತ್ತಿದ್ದ. “ಅಣ್ಣಾ, ಗಾಡಿ ಪಿಕಪ್ಪೇ ಇಲ್ಲ. ಘಾಟೀಲಿ ಲಾರಿ ಹಿಂದೆ ಸಿಕ್ಕಾಕೊಂಡ್ರೆ ಮುಂದಕ್ಕೆ ಹೋಗೋಕಾಗ್ತಿಲ್ಲ. ಬಾಡಿಗೆಯವರು ಬೈತಾರೆ” ಅಂದ. ಸ್ಕ್ಯಾನರ್ ಹಾಕಿದೆ. ಪಿ 0299 ಎಂಬ ಕೋಡು ಬಂತು. ನಾನು ಹೊಸದಾಗಿ ಸ್ಕ್ಯಾನರ್ ತಂದಿದ್ದ ಕಾಲ. ಅದರ ಮೇಲೆ ಬಹಳ ಭರವಸೆ. “ಟರ್ಬೊ ಹೋಗಿದೆ” ಅಂದೆ. ಹೊಸ ಟರ್ಬೊ, ಕೂಲಿ, ಎಲ್ಲ ಸೇರಿ 42,000 ರೂಪಾಯಿ. ಅವನು ಹೆಂಡತಿಯ ಸರ ಅಡ ಇಟ್ಟು ದುಡ್ಡು ತಂದ.

ಟರ್ಬೊ ಬದಲಾಯಿಸಿದೆ. ಗಾಡಿ ಚೆನ್ನಾಗಿ ಎಳೆಯಿತು. ಮೂರನೆಯ ದಿನ ಅವನು ಘಾಟಿಯಿಂದಲೇ ಫೋನ್ ಮಾಡಿದ: “ಅಣ್ಣಾ, ಮತ್ತೆ ಹಂಗೇ ಆಗೈತೆ.” ಗಾಡಿ ತರಿಸಿ ಹುಡುಕಿದೆ. ಎರಡನೆಯ ಹೋಸಿನ ತುದಿಯಲ್ಲಿ, ಕೆಳಮೈಯಲ್ಲಿ, ಕ್ಲ್ಯಾಂಪಿನ ಪಕ್ಕ ಎರಡು ಬೆರಳಗಲದ ಸೀಳು. ನಿಂತ ಗಾಡಿಯಲ್ಲಿ ಮುಚ್ಚಿಕೊಂಡೇ ಇರುತ್ತದೆ, ಕಾಣುವುದಿಲ್ಲ. ಒತ್ತಡ ಬಂದಾಗ ಬಾಯಿ ತೆರೆಯುತ್ತದೆ. ಟರ್ಬೊ ಕೆಲಸಕ್ಕೆಂದು ಹೋಸು ಬಿಚ್ಚಿ ಮತ್ತೆ ಹಾಕುವಾಗ ಕ್ಲ್ಯಾಂಪು ಆ ಸೀಳಿನ ಮೇಲೆ ಕುಳಿತು ಎರಡು ದಿನ ಮುಚ್ಚಿತ್ತು. ಹೋಸಿನ ಬೆಲೆ 1,800 ರೂಪಾಯಿ.

ಆ ದಿನ ನಾನು ಅವನಿಗೆ ಏನು ಹೇಳಿದೆ ಗೊತ್ತೇ? “ಟರ್ಬೊ ಹೊಸದು, ಜೋರಾಗಿ ಊದುತ್ತೆ. ಹಳೇ ಹೋಸು ತಡೀಲಿಲ್ಲ” ಅಂದೆ. ಹೋಸಿನ ದುಡ್ಡನ್ನೂ ತಗೊಂಡೆ. ಅವನು ನಂಬಿದ.

ಬಿಚ್ಚಿದ ಹಳೆಯ ಟರ್ಬೊ ಗ್ಯಾರೇಜಿನ ಹಲಗೆಯ ಮೇಲಿತ್ತು. ಒಂದು ಸಂಜೆ ಸುಮ್ಮನೆ ಅದರ ಚಕ್ರಕ್ಕೆ ಬೆರಳು ತಾಗಿಸಿದೆ. ಸದ್ದಿಲ್ಲದೆ ತಿರುಗಿತು. ಶಾಫ್ಟು ಹಿಡಿದು ಮುಂದಕ್ಕೆ ಹಿಂದಕ್ಕೆ ಆಡಿಸಿದೆ. ಆಟವಿಲ್ಲ. ರೆಕ್ಕೆಗಳು ಎಲ್ಲೂ ಉಜ್ಜಿಲ್ಲ, ಆಯಿಲ್ ಸೋರಿಲ್ಲ. ಒಳ್ಳೆಯ ಟರ್ಬೊ. ಹೋಗಿದೆ ಅಂತ ಅದು ನನ್ನ ಹತ್ತಿರ ಹೇಳಿರಲಿಲ್ಲ. ಮೇಷ್ಟ್ರ ಮಾತು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ ಕಿವಿಗೆ ಬಿತ್ತು. ಆದರೂ ಅವನ ಮನೆಗೆ ಹೋಗಲು ನನಗೆ ಇನ್ನೂ ನಾಲ್ಕು ತಿಂಗಳು ಹಿಡಿಯಿತು.

ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದ. ಅವನ ಹೆಂಡತಿ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಕೊನೆಗೆ ಅವರೇ ಮಾತಾಡಿದರು: “ಅಣ್ಣಾ, ನಿಮಗೂ ಗೊತ್ತಾಗ್ದಲೇ ಆಗೈತೆ, ಇರಲಿ. ಗೊತ್ತಾದ ದಿನವೇ ಹೇಳಿದ್ರೆ ಸರ ಬಿಡಿಸ್ಕೊಬೌದಿತ್ತು. ಹೋದ ತಿಂಗಳು ಹರಾಜಾಯ್ತು.” ಆ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ, ಇವತ್ತಿಗೂ ಇಲ್ಲ. ದುಡ್ಡು ಒಟ್ಟಿಗೆ ಕೊಡುವ ಶಕ್ತಿ ಇರಲಿಲ್ಲ. ತಿಂಗಳಿಗೆ 5,000ದಂತೆ ಎಂಟು ತಿಂಗಳು ಕೊಟ್ಟೆ, ಉಳಿದದ್ದಕ್ಕೆ ಗಾಡಿಯ ಸರ್ವಿಸ್ ಮಾಡಿಕೊಟ್ಟೆ. ಸರ ಮಾತ್ರ ವಾಪಸ್ ಬರಲಿಲ್ಲ. ಅವರಿಬ್ಬರೂ ಇಲ್ಲೇ ಕುಳಿತಿದ್ದಾರೆ. ಹೇಳಲೇ ಎಂದು ಕೇಳಿದ್ದೆ. “ಹೇಳಣ್ಣ, ಹೆಸರು ಬೇಡ” ಅಂದಿದ್ದಾರೆ.

ಆ ಮೇಲಿಂದ ನನ್ನ ಗ್ಯಾರೇಜಿನಲ್ಲಿ ಒಂದು ಕ್ರಮ ಮಾಡಿಕೊಂಡೆವು. ಹುಡುಗರಿಗೂ ಅದನ್ನೇ ಕಲಿಸಿದ್ದೇನೆ. ಗಾಡಿ ಇರುವ ನಿಮಗೂ ಉಪಯೋಗವಾಗಲಿ ಎಂದು ಸಾಲಾಗಿ ಹೇಳುತ್ತೇನೆ.

ಮೊದಲು ಓಡಿಸುವವರನ್ನು ಕೇಳುವುದು. ಒಂದೇ ದಿನದಲ್ಲಿ ಆಯಿತೋ, ತಿಂಗಳುಗಟ್ಟಲೆ ನಿಧಾನವಾಗಿ ಕಡಿಮೆಯಾಯಿತೋ? ಒಮ್ಮೆಲೇ ಆಗಿದ್ದರೆ ಏನೋ ಒಡೆದಿದೆ ಅಥವಾ ಕಳಚಿದೆ. ನಿಧಾನವಾಗಿ ಆಗಿದ್ದರೆ ಏನೋ ಕಟ್ಟಿಕೊಳ್ಳುತ್ತಿದೆ. ಎಕ್ಸಲೇಟರ್ ಒತ್ತಿದಾಗ ಹಿಂದಿಲ್ಲದ ‘ಸುಯ್’ ಎಂಬ ಸದ್ದು ಬರುತ್ತದೆಯೇ? ಹಾಗಾದರೆ ಗಾಳಿ ಸೋರುತ್ತಿರಬಹುದು. ಗಾಡಿ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಸ್ವಲ್ಪ ಹೊತ್ತು ಸರಿಯಾಗುತ್ತದೆಯೇ? ಹಾಗಾದರೆ ಏನೋ ಸರಿಯಿಲ್ಲ ಎಂದು ಕಂಡು ಇಂಜಿನ್ನಿನ ಕಂಪ್ಯೂಟರೇ ಶಕ್ತಿ ಕಡಿಮೆ ಮಾಡುತ್ತಿದೆ. ಇಂಜಿನ್ ಉಳಿಯಲಿ ಎಂದು ಅದು ಹಾಗೆ ಮಾಡುತ್ತದೆ.

ಎರಡನೆಯದು ಹೊಗೆ. ಎಳೆತವಿಲ್ಲ, ಜೊತೆಗೆ ಕಪ್ಪು ಹೊಗೆ ಇದೆ ಎಂದರೆ ಡೀಸೆಲ್ಲಿಗೆ ತಕ್ಕ ಗಾಳಿ ಸಿಗುತ್ತಿಲ್ಲ. ಎಳೆತವಿಲ್ಲ, ಹೊಗೆಯೂ ಇಲ್ಲ ಎಂದರೆ ಡೀಸೆಲ್ಲೇ ಸಾಲುತ್ತಿಲ್ಲ, ಇಲ್ಲವೇ ಕಂಪ್ಯೂಟರ್ ಕಡಿಮೆ ಕೊಡುತ್ತಿದೆ. ನೀಲಿ ಹೊಗೆ ಬಂದರೆ ಇಂಜಿನ್ ಆಯಿಲ್ ಸುಡುತ್ತಿದೆ. ಆಗ ಮಾತ್ರ ಟರ್ಬೊದ ಮೇಲೆ ಸ್ವಲ್ಪ ಬೇಗ ಅನುಮಾನ ಪಡಬಹುದು.

ಮೂರನೆಯದು ಇಂಜಿನ್ನಿಗೆ ಸಂಬಂಧವೇ ಇಲ್ಲದ ಸಂಗತಿ. ಇಂಜಿನ್ ಜೋರಾಗಿ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ ಎಂದರೆ ಕ್ಲಚ್ ಜಾರುತ್ತಿದೆ. ಹತ್ತು ಕಿಲೋಮೀಟರ್ ಓಡಿಸಿ ಇಳಿದಾಗ ಒಂದು ಗಾಲಿಯ ಹತ್ತಿರ ಮಾತ್ರ ಸುಟ್ಟ ವಾಸನೆ, ಬಿಸಿ ಇದ್ದರೆ ಬ್ರೇಕು ಹಿಡಿದುಕೊಂಡಿದೆ. ಇವನ್ನು ನೋಡದೆ ಟರ್ಬೊ ಬಿಚ್ಚಿಸಿಕೊಂಡವರನ್ನು ಕಂಡಿದ್ದೇನೆ.

ನಾಲ್ಕನೆಯದು ಸ್ಕ್ಯಾನರ್. ಪಿ 0299 ಎಂದರೆ ‘ಬೇಕಾದಷ್ಟು ಗಾಳಿಯ ಒತ್ತಡ ಬರಲಿಲ್ಲ’ ಎಂದು ಅರ್ಥ. ‘ಟರ್ಬೊ ಹೋಗಿದೆ’ ಎಂದು ಅರ್ಥವಲ್ಲ. ಥರ್ಮಾಮೀಟರು ಜ್ವರ ಇದೆ ಎನ್ನುತ್ತದೆ, ಯಾಕೆ ಬಂತು ಎನ್ನುವುದಿಲ್ಲ. ನಾನು ಜ್ವರ ನೋಡಿ ಆಪರೇಷನ್ ಮಾಡಿದ್ದೆ. ಈಗ ಮೊದಲು ಇಂಜಿನ್ ಸ್ಟಾರ್ಟ್ ಮಾಡದೆ ಬರೀ ಕೀ ಹಾಕಿ ಒತ್ತಡದ ಸೆನ್ಸರ್ ಏನು ಹೇಳುತ್ತದೆ ಎಂದು ನೋಡುತ್ತೇವೆ. ಆಗ ಅದು ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ಮಕ್ಕಳೇ, ಟೊರಿಸೆಲ್ಲಿಯ ಪಾದರಸದ ನಳಿಗೆಯನ್ನು ನೀವು ಓದಿದ್ದೀರಿ. ಸಮುದ್ರಮಟ್ಟದಲ್ಲಿ 76 ಸೆಂಟಿಮೀಟರ್, ಎಂದರೆ ಸುಮಾರು 101 ಕಿಲೋಪಾಸ್ಕಲ್. ನಮ್ಮ ಹಾಸನದ ಎತ್ತರದಲ್ಲಿ ಸುಮಾರು 90. ಸ್ಕ್ಯಾನರಿನಲ್ಲಿ ಆ 90ರ ಆಸುಪಾಸು ಕಂಡರೆ ಸೆನ್ಸರನ್ನು ನಂಬಬಹುದು. 60 ಅಂತಲೋ 130 ಅಂತಲೋ ತೋರಿಸಿದರೆ ಸುಳ್ಳು ಹೇಳುತ್ತಿರುವುದು ಸೆನ್ಸರು ಅಥವಾ ಅದರ ವೈರು. ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಪಾಠ ಈಗ ದಿನಾ ನನ್ನ ಕೈಯಲ್ಲಿದೆ.

ಆಮೇಲೆ ಒಬ್ಬರು ಓಡಿಸಿ, ಇನ್ನೊಬ್ಬರು ಪಕ್ಕದಲ್ಲಿ ಕುಳಿತು ಸ್ಕ್ಯಾನರ್ ನೋಡಬೇಕು. ಏರಿನಲ್ಲಿ ಮೂರನೇ ಗೇರಿನಲ್ಲಿ ಪೂರ್ತಿ ಒತ್ತಿದಾಗ ಕಂಪ್ಯೂಟರ್ ಕೇಳಿದ ಒತ್ತಡ ಎಷ್ಟು, ಸಿಕ್ಕಿದ್ದು ಎಷ್ಟು? ಹಾಗೆಯೇ ಡೀಸೆಲ್ಲಿನ ಒತ್ತಡ ಕೇಳಿದ್ದು ಎಷ್ಟು, ಸಿಕ್ಕಿದ್ದು ಎಷ್ಟು? ಗಾಳಿ ಸರಿ ಇದ್ದು ಡೀಸೆಲ್ ಒತ್ತಡ ಕುಸಿದರೆ ಡೀಸೆಲ್ ಫಿಲ್ಟರ್ ಕಟ್ಟಿರಬಹುದು. ಕೆಲವೇ ನೂರು ರೂಪಾಯಿಯಿಂದ ಒಂದೆರಡು ಸಾವಿರದೊಳಗಿನ ಕೆಲಸ. ಒಂದು ಎಚ್ಚರಿಕೆ: ಇಂಜಿನ್ ಓಡುವಾಗ ಡೀಸೆಲ್ಲಿನ ಉಕ್ಕಿನ ಪೈಪುಗಳಿಗೆ ಕೈ ಹಾಕಬೇಡಿ. ಸಾವಿರ ಬಾರ್‌ಗೂ ಮೀರಿದ ಒತ್ತಡ ಅಲ್ಲಿರುತ್ತದೆ, ಚರ್ಮ ತೂರಿ ಒಳಗೆ ಹೋಗುತ್ತದೆ.

ಐದನೆಯದು ಗಾಳಿಯ ದಾರಿ. ಏರ್ ಫಿಲ್ಟರ್ ತೆಗೆದು ಬೆಳಕಿಗೆ ಹಿಡಿಯಿರಿ. ನಮ್ಮ ಮಣ್ಣು ರಸ್ತೆಯ ಧೂಳಿಗೆ ಅದು ಕಂಪನಿ ಹೇಳಿದ ಲೆಕ್ಕಕ್ಕಿಂತ ಬೇಗ ಕಟ್ಟುತ್ತದೆ. ಒಳಗೆ ಇಲಿ ಗೂಡು ಕಟ್ಟಿದ್ದನ್ನೂ ನೋಡಿದ್ದೇನೆ. ಬಳಿಕ ಹೋಸುಗಳು. ಮೇಲಿಂದ ನೋಡಿದರೆ ಸಾಲದು, ಕೆಳಗೆ ಕೈ ಹಾಕಿ ಸವರಬೇಕು. ಒಂದೇ ಜಾಗದಲ್ಲಿ ಎಣ್ಣೆ ಜಿಡ್ಡು, ಅದಕ್ಕೆ ಧೂಳು ಮೆತ್ತಿದ್ದರೆ ಅಲ್ಲಿ ಗಾಳಿ ಸೋರುತ್ತಿರಬಹುದು. ಖಾತ್ರಿಯಾಗಬೇಕೆಂದರೆ ಪಂಕ್ಚರ್ ಅಂಗಡಿಯ ಉಪಾಯ: ಟರ್ಬೊದ ಬಾಯಿಗೆ ಮುಚ್ಚಳ ಹಾಕಿ, ಅಳತೆಯಲ್ಲಿ ಸ್ವಲ್ಪವೇ ಗಾಳಿ ತುಂಬಿ, ಹೋಸಿನ ಮೇಲೆ ಸೋಪಿನ ನೀರು ಹಾಕುವುದು. ಗುಳ್ಳೆ ಬಂದಲ್ಲಿ ತೂತು. ಇಷ್ಟು ಮಾಡಿದ್ದರೆ ಒಂದು ಸರ ಉಳಿಯುತ್ತಿತ್ತು. ಊದುಗೊಳವೆ ಸೀಳಿದ್ದರೆ ನಮ್ಮಜ್ಜಿ ಗೊಳವೆ ಬದಲಾಯಿಸುತ್ತಿದ್ದಳೇ ಹೊರತು ತನ್ನ ಎದೆಗೂಡನ್ನಲ್ಲ.

ಆರನೆಯದು ಟರ್ಬೊವನ್ನು ಹಿಡಿತದಲ್ಲಿಡುವ ಭಾಗಗಳು. ಹಲವು ಕಾರುಗಳ ಟರ್ಬೊ ಒಳಗೆ ಹೊಂದಿಸಬಲ್ಲ ಸಣ್ಣ ರೆಕ್ಕೆಗಳಿವೆ. ಇಂಜಿನ್ ನಿಧಾನವಾಗಿದ್ದಾಗ ಅವು ಹೊಗೆಯ ದಾರಿಯನ್ನು ಕಿರಿದು ಮಾಡುತ್ತವೆ. ತೋಟಕ್ಕೆ ನೀರು ಬಿಡುವಾಗ ಪೈಪಿನ ತುದಿಗೆ ಹೆಬ್ಬೆಟ್ಟು ಒತ್ತಿದರೆ ನೀರು ಜೋರಾಗಿ ಚಿಮ್ಮುತ್ತದಲ್ಲ, ಅದೇ ಲೆಕ್ಕ. ಅನೇಕ ಗಾಡಿಗಳಲ್ಲಿ ಆ ರೆಕ್ಕೆಗಳನ್ನು ಎಳೆಯುವುದು ವ್ಯಾಕ್ಯೂಮ್. ಪೆನ್ಸಿಲ್ಲಿಗಿಂತ ಸಣ್ಣ ರಬ್ಬರ್ ಪೈಪು ಬಿಸಿಗೆ ಒಣಗಿ ಬಿರುಕು ಬಿಟ್ಟರೂ ಸಾಕು, ಟರ್ಬೊ ಮಲಗಿಬಿಡುತ್ತದೆ. ಕೈಯಲ್ಲಿ ಒತ್ತುವ ವ್ಯಾಕ್ಯೂಮ್ ಪಂಪು ಹಾಕಿದಾಗ ಟರ್ಬೊ ಪಕ್ಕದ ಕಡ್ಡಿ ಚಲಿಸಬೇಕು, ಚಲಿಸಿ ಹಾಗೇ ನಿಲ್ಲಬೇಕು.

ಏಳನೆಯದು ಮಸಿ. ಸುಟ್ಟ ಹೊಗೆಯ ಒಂದು ಪಾಲನ್ನು ಮತ್ತೆ ಇಂಜಿನ್ನಿಗೆ ಕಳಿಸುವ ಇಜಿಆರ್ ವಾಲ್ವು ಮಸಿ ಕಟ್ಟಿ ತೆರೆದೇ ನಿಂತರೆ, ಟರ್ಬೊ ತಿರುಗಿಸಬೇಕಾದ ಹೊಗೆ ಅಡ್ಡದಾರಿ ಹಿಡಿಯುತ್ತದೆ. ಅದನ್ನು ಬಿಚ್ಚಿ ತೊಳೆಯಬಹುದು. ಸೈಲೆನ್ಸರ್ ಕಡೆಯ ದಾರಿ ಕಟ್ಟಿದರೂ ಇಂಜಿನ್ನಿಗೆ ಉಸಿರುಗಟ್ಟುತ್ತದೆ. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಬಂದ ಮೇಲಿನ ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಅದು ತುಂಬಿದ ಮಸಿಯನ್ನು ತಾನೇ ಸುಟ್ಟುಕೊಳ್ಳಬೇಕಾದರೆ ಗಾಡಿ ಆಗಾಗ ಅರ್ಧ ಗಂಟೆಯಾದರೂ ಒಂದೇ ಸಮ ಓಡಬೇಕು. ಬರೀ ಅಂಗಡಿಗೂ ಮನೆಗೂ ಓಡಿಸಿದರೆ ಕಟ್ಟಿಕೊಳ್ಳುತ್ತದೆ. ಅದನ್ನು ಕಿತ್ತು ಖಾಲಿ ಪೈಪು ಹಾಕಿಸಿಕೊಳ್ಳಬೇಡಿ. ಆ ಮಸಿ ನಮ್ಮ ಮಕ್ಕಳ ಎದೆಗೆ ಹೋಗುತ್ತದೆ.

ಇಷ್ಟೆಲ್ಲ ನೋಡಿದ ಮೇಲೆ ಕೊನೆಗೆ ಟರ್ಬೊ. ಶಾಫ್ಟು ಅಕ್ಕಪಕ್ಕಕ್ಕೆ ಕೂದಲೆಳೆಯಷ್ಟು ಅಲ್ಲಾಡುವುದು ಸಹಜ, ಅದು ಆಯಿಲ್ ಪದರದ ಮೇಲೆ ತೇಲುವ ಭಾಗ. ಮುಂದಕ್ಕೆ ಹಿಂದಕ್ಕೆ ಆಡಬಾರದು. ರೆಕ್ಕೆಯ ತುದಿ ಗೋಡೆಗೆ ಉಜ್ಜಿರಬಾರದು. ಉಜ್ಜಿದ್ದರೆ ಬದಲಾಯಿಸಲೇಬೇಕು. ಆದರೆ ಆಗಲೂ ಒಂದು ಪ್ರಶ್ನೆ ಉಳಿಯುತ್ತದೆ: ಇದು ಯಾಕೆ ಹೋಯಿತು? ಅದಕ್ಕೆ ಆಯಿಲ್ ತರುವ ಪೈಪು ಕಟ್ಟಿದ್ದರೆ ಹೊಸ ಟರ್ಬೊವೂ ಅದೇ ದಾರಿ ಹಿಡಿಯುತ್ತದೆ.

ಟರ್ಬೊ ಬಾಳಿಕೆ ಬರಲು ಹೆಚ್ಚು ಖರ್ಚಿಲ್ಲ. ಗಾಡಿಯ ಪುಸ್ತಕದಲ್ಲಿ ಹೇಳಿದ ಆಯಿಲ್, ಹೇಳಿದ ಹೊತ್ತಿಗೆ ಹಾಕಿಸಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ರೇಸ್ ಮಾಡಬೇಡಿ. ಘಾಟಿ ಹತ್ತಿ ಬಂದು ಟೀ ಅಂಗಡಿಯ ಮುಂದೆ ನಿಲ್ಲಿಸಿದಾಗ ಒಂದು ನಿಮಿಷ ಇಂಜಿನ್ ಹಾಗೇ ಓಡಲಿ. ಕೆಂಡದಂತೆ ಕಾದ ಚಕ್ರಕ್ಕೆ ಆಯಿಲ್ ಹರಿದು ತಣಿಯಲು ಅಷ್ಟು ಸಮಯ ಬೇಕು. ಮೆಕ್ಯಾನಿಕ್ ಯಾವುದೇ ದೊಡ್ಡ ಭಾಗ ಬದಲಾಯಿಸಬೇಕು ಅಂದರೆ, “ಇದೇ ಅಂತ ಹೇಗೆ ಗೊತ್ತಾಯ್ತು, ತೋರ್ಸಿ” ಎಂದು ಕೇಳಿ. ಒಳ್ಳೆಯ ಮೆಕ್ಯಾನಿಕ್ಕಿಗೆ ಅದರಿಂದ ಕೋಪ ಬರುವುದಿಲ್ಲ. ಬಿಚ್ಚಿದ ಹಳೆಯ ಭಾಗವನ್ನು ಕೇಳಿ ಪಡೆಯಿರಿ.

ಈ ಹಾದಿಯಲ್ಲಿ ನನಗೆ ವರಮಾನ ಕಡಿಮೆಯಾಯಿತೇ ಎಂದು ಸ್ನೇಹಿತರು ಕೇಳುತ್ತಾರೆ. ಒಂದು ಟರ್ಬೊ ಹಾಕಿದರೆ ಬರುವಷ್ಟು ಲಾಭ ಹೋಸಿನಲ್ಲಿ ಬರುವುದಿಲ್ಲ, ನಿಜ. ಈಗ ದೋಷ ಹುಡುಕಿದ್ದಕ್ಕೆ ಬೇರೆ ಕೂಲಿ ತೆಗೆದುಕೊಳ್ಳುತ್ತೇನೆ, ಮೊದಲೇ ಹೇಳಿ ತೆಗೆದುಕೊಳ್ಳುತ್ತೇನೆ. ಹುಡುಕುವುದೂ ಒಂದು ಕೆಲಸ ಎಂದು ಜನಕ್ಕೆ ಅರ್ಥವಾಗಲು ಸ್ವಲ್ಪ ಕಾಲ ಹಿಡಿಯಿತು. ಗ್ಯಾರೇಜು ನಡೆಯುತ್ತಿದೆ.

ನಮ್ಮ ವಿಜ್ಞಾನದ ಮೇಷ್ಟ್ರು ಈಗಿಲ್ಲ. ನಾನು ಮಾಡಿದ ತಪ್ಪನ್ನು ಅವರಿಗೆ ಹೇಳುವ ಮೊದಲೇ ತೀರಿಹೋದರು. ಆದ್ದರಿಂದ ಅವರು ನಿಂತು ಪಾಠ ಮಾಡಿದ ಕಟ್ಟಡದ ಮುಂದೆ ಇವತ್ತು ಹೇಳಿದ್ದೇನೆ.

ಮೇಜಿನ ಮೇಲೆ ಬಟ್ಟೆ ಮುಚ್ಚಿಟ್ಟಿರುವುದು ಆ ಹಳೆಯ ಟರ್ಬೊ. ಗಾಡಿಯ ಯಜಮಾನನ ಒಪ್ಪಿಗೆ ಪಡೆದು, ಒಂದು ಮಗ್ಗುಲನ್ನು ಕೊಯ್ದು, ಒಳಗೆ ಕಾಣುವ ಹಾಗೆ ಮಾಡಿ, ಮರದ ಹಲಗೆಗೆ ಕೂರಿಸಿ ತಂದಿದ್ದೇನೆ. ಅದರ ಪಕ್ಕದಲ್ಲೇ ಆ ಸೀಳಿದ ಹೋಸನ್ನೂ ಕಟ್ಟಿದ್ದೇನೆ. ಶಾಲೆಯ ಪ್ರಯೋಗಾಲಯಕ್ಕೆ ಇರಲಿ. ಮಕ್ಕಳೇ, ಚಕ್ರವನ್ನು ಬೆರಳಿನಿಂದ ತಿರುಗಿಸಿ ನೋಡಿ, ಇವತ್ತಿಗೂ ಚೆನ್ನಾಗಿ ತಿರುಗುತ್ತದೆ. ಆಮೇಲೆ ಹೋಸನ್ನು ಬಗ್ಗಿಸಿ ನೋಡಿ, ಸೀಳು ಎಲ್ಲಿದೆ ಎಂದು ನೀವೇ ಹುಡುಕಿ. ನಾನು ತೋರಿಸುವುದಿಲ್ಲ.